ಕಣ್ಣಿಗೆ ಕಾಣದ ಉರಿ, ಕಣ್ಣುಮುಚ್ಚಿ ಬರೆದ ಚೀಟಿ

ಗಾಯವಿಲ್ಲ, ಬಾವಿಲ್ಲ, ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ. ಆದರೂ ರಾತ್ರಿ ಹಾಸಿಗೆಗೆ ಬೆನ್ನು ತಾಗಿಸಿದ ಕೂಡಲೇ ಅಂಗಾಲು ಕೆಂಡ ತುಳಿದಂತೆ ಉರಿಯತೊಡಗುತ್ತದೆ. ಹೊದ್ದ ಚಾದರದ ಅಂಚು ಸೋಕಿದರೂ ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ, ಕರೆಂಟು ಹೊಡೆದಂತೆ ಎಂದು ರೋಗಿಗಳು ಬಗೆಬಗೆಯಾಗಿ ವರ್ಣಿಸುವ ಈ ಯಾತನೆಗೆ ವೈದ್ಯಶಾಸ್ತ್ರ ನ್ಯೂರೋಪಥಿಕ್ ನೋವು, ಅಂದರೆ ನರಹಾನಿಯ ನೋವು ಎಂದು ಹೆಸರಿಟ್ಟಿದೆ. ಸಾಮಾನ್ಯ ನೋವು ಕಳ್ಳನನ್ನು ಕಂಡು ಬೊಗಳುವ ನಾಯಿಯಂತೆ. ಅದರಿಂದ ದೇಹಕ್ಕೆ ಉಪಕಾರವಿದೆ. ನರಹಾನಿಯ ನೋವು ಕಳ್ಳನಿಲ್ಲದಿದ್ದರೂ ಇರುಳಿಡೀ ಬೊಗಳುವ ನಾಯಿ. ಅದರಿಂದ ಮನೆಗೆ ರಕ್ಷಣೆಯಿಲ್ಲ, ಮನೆಯವರಿಗೆ ನಿದ್ದೆಯಿಲ್ಲ.

ಈ ನೋವನ್ನು ತಗ್ಗಿಸುವ ಔಷಧಗಳು ನಮ್ಮಲ್ಲಿ ಇವೆ. ಅವುಗಳಲ್ಲಿ ಹಲವು ಬಡವರ ಕೈಗೂ ಎಟುಕುವಂಥವು. ಆದರೆ ಅವು ನಿಜವಾಗಿ ಬೇಕಾದವರಿಗೆ ಸಿಗುತ್ತಿಲ್ಲ, ಬೇಡವಾದವರಿಗೆ ಧಾರಾಳವಾಗಿ ಸಿಗುತ್ತಿವೆ. ಈ ಅಪಸವ್ಯವನ್ನು ಸರಿಪಡಿಸದೆ ಹೋದರೆ ಮುಂದೊಂದು ದಿನ ಎರಡೂ ಕಡೆಯವರು ನಷ್ಟ ಅನುಭವಿಸಬೇಕಾಗುತ್ತದೆ.

ಸಮಸ್ಯೆಯ ಗಾತ್ರವನ್ನು ಮೊದಲು ಗಮನಿಸೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ವರ್ಷಗಟ್ಟಲೆ ಹದ್ದು ಮೀರಿದ ಸಕ್ಕರೆ ಮೊದಲು ಕೆಡಿಸುವುದು ಪಾದಗಳಿಗೆ ಹೋಗುವ ಅತಿ ಉದ್ದದ ನರಗಳ ತುದಿಗಳನ್ನು. ಎಲ್ಲ ಮಧುಮೇಹಿಗಳಿಗೂ ಈ ನೋವು ಬರುವುದಿಲ್ಲ. ಆದರೆ ಅವರಲ್ಲಿ ಸಣ್ಣದೊಂದು ಪಾಲಿಗೆ ಬಂದರೂ ಆ ಸಂಖ್ಯೆ ಲಕ್ಷಗಳನ್ನು ಮೀರುತ್ತದೆ. ಸರ್ಪಸುತ್ತಿನ ಗುಳ್ಳೆಗಳು ಒಣಗಿದ ಮೇಲೂ ತಿಂಗಳುಗಟ್ಟಲೆ ಉರಿ ಅನುಭವಿಸುವ ವೃದ್ಧರಿದ್ದಾರೆ. ಕ್ಯಾನ್ಸರ್ ಔಷಧಗಳಿಂದ ಕೈಕಾಲುಗಳಲ್ಲಿ ಜೋಮು, ಉರಿ ಹತ್ತಿಸಿಕೊಂಡವರಿದ್ದಾರೆ. ಹಲ್ಲುಜ್ಜಲು, ಅನ್ನ ಅಗಿಯಲು ಹೆದರುವಷ್ಟು ಮುಖದ ನರಶೂಲೆಯಿಂದ ಬಳಲುವವರಿದ್ದಾರೆ. ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಇಳಿಸಿರುವುದಾಗಿ ಭಾರತ 2005ರಲ್ಲಿ ಘೋಷಿಸಿಕೊಂಡಿತು. ಆದರೂ ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮಲ್ಲೇ ಇವೆ. ರೋಗಾಣು ಸತ್ತು, 'ಗುಣಮುಖ' ಎಂಬ ಮುದ್ರೆ ಬಿದ್ದ ಮೇಲೂ ನರಗಳ ನೋವು ಉಳಿದುಕೊಂಡವರ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಇವರ ಮೊದಲ ಕಷ್ಟ ಭಾಷೆಯದ್ದು. ನಮ್ಮ ಊರುಗಳ ಗೋಡೆಬರಹಗಳು, ಬಸ್‌ ನಿಲ್ದಾಣದ ಜಾಹೀರಾತುಗಳು 'ನರದೌರ್ಬಲ್ಯ' ಎಂಬ ಪದವನ್ನು ಎಷ್ಟು ಕೆಡಿಸಿವೆಯೆಂದರೆ, ಗೌರವಸ್ಥರು ಯಾರೂ ತಮಗೆ ನರದ ತೊಂದರೆಯಿದೆ ಎಂದು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ. ಹೇಳಿದವರಿಗೂ 'ವಯಸ್ಸಾಯಿತಲ್ಲ', 'ಉಷ್ಣ ಹೆಚ್ಚಾಗಿರಬೇಕು' ಎಂಬ ಸಮಾಧಾನ ಸಿಗುತ್ತದೆ. ಅಂಗಾಲಿಗೆ ಹರಳೆಣ್ಣೆ ತಿಕ್ಕಿ, ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ರಾತ್ರಿ ಕಳೆಯುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಔಷಧ ಅಂಗಡಿಯಿಂದ ತಂದ ಸಾಮಾನ್ಯ ನೋವಿನ ಗುಳಿಗೆ ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದು ತಣಿಸುವುದು ಮುಖ್ಯವಾಗಿ ಉರಿಯೂತವನ್ನು. ಇಲ್ಲಿ ಕೆಟ್ಟಿರುವುದು ಸಂದೇಶ ಸಾಗಿಸುವ ತಂತಿ. ಆ ಗುಳಿಗೆಯನ್ನೇ ದಿನಕ್ಕೆ ಎರಡು, ಮೂರು ನುಂಗುತ್ತ ಹೋದ ಮಧುಮೇಹಿಯ ನೋವು ಉಳಿಯುತ್ತದೆ, ಮೂತ್ರಪಿಂಡಕ್ಕೆ ಹೊಸ ಹೊರೆ ಬೀಳುತ್ತದೆ.

ನರಹಾನಿಯ ನೋವಿಗೆ ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಬೇರೆ ಕಾಯಿಲೆಗಾಗಿ ಎಂಬುದು ಕುತೂಹಲದ ಸಂಗತಿ. 1961ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅಮಿಟ್ರಿಪ್ಟಿಲಿನ್ ಖಿನ್ನತೆಯ ಮಾತ್ರೆ. ಮುಖದ ನರಶೂಲೆಗೆ ಇಂದಿಗೂ ಮೊದಲ ಆಯ್ಕೆಗಳಲ್ಲಿ ಒಂದಾಗಿರುವ ಕಾರ್ಬಮಜೆಪಿನ್ ಮೂರ್ಛೆರೋಗದ ಔಷಧ. ಗ್ಯಾಬಪೆಂಟಿನ್‌ಗೆ 1993ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದೂ ಮೂರ್ಛೆರೋಗಕ್ಕಾಗಿಯೇ. ಅದರ ತಮ್ಮನೆನ್ನಬಹುದಾದ ಪ್ರಿಗಾಬಲಿನ್ 2004ರ ಕೊನೆಯಲ್ಲಿ ಮಧುಮೇಹದ ನರನೋವು ಮತ್ತು ಸರ್ಪಸುತ್ತಿನ ನಂತರದ ನೋವಿಗೆ ಅಲ್ಲಿ ಒಪ್ಪಿಗೆ ಪಡೆಯಿತು. ಅದೇ ವರ್ಷ ಡುಲೊಕ್ಸೆಟಿನ್ ಎಂಬ ಖಿನ್ನತೆಯ ಔಷಧಕ್ಕೂ ಮಧುಮೇಹದ ನರನೋವಿಗೆ ಬಳಸುವ ಮನ್ನಣೆ ಸಿಕ್ಕಿತು. ಈ ಔಷಧಗಳು ಹಾನಿಗೊಂಡ ನರವನ್ನು ದುರಸ್ತಿ ಮಾಡುವುದಿಲ್ಲ. ಅತಿಯಾಗಿ ಉದ್ರೇಕಗೊಂಡ ನರಕೋಶಗಳ ಸದ್ದನ್ನು ಅಡಗಿಸುತ್ತವೆ, ಅಷ್ಟೆ. ಸಕ್ಕರೆಯ ಹತೋಟಿ, ಪಾದಗಳ ಆರೈಕೆ ಇವುಗಳಿಗೆ ಅವು ಪರ್ಯಾಯವಲ್ಲ. ಈ ಮಾತನ್ನು ರೋಗಿಗೆ ಬಿಡಿಸಿ ಹೇಳುವ ವ್ಯವಧಾನ ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಮಂದಿಗಿದೆ?

ಎರಡನೆಯ ಸಮಸ್ಯೆ ಹುಟ್ಟುವುದು ಇಲ್ಲಿಯೇ. ನರನೋವಿಗೆ ಮೀಸಲಾಗಬೇಕಿದ್ದ ಪ್ರಿಗಾಬಲಿನ್ ಈಗ ಸೊಂಟನೋವು, ಕತ್ತುನೋವು, ಮಂಡಿನೋವು ಎಂದು ಬಂದವರ ಚೀಟಿಯಲ್ಲೂ ಕಾಣಿಸಿಕೊಳ್ಳುತ್ತಿದೆ. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ ನೋವಿಗೆ ಇದು ಉಪಯುಕ್ತವೇ ಎಂದು ಆಸ್ಟ್ರೇಲಿಯಾದ ಸಂಶೋಧಕರು 209 ರೋಗಿಗಳ ಮೇಲೆ ಪರೀಕ್ಷೆ ನಡೆಸಿದರು. 2017ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಪ್ರಿಗಾಬಲಿನ್ ನುಂಗಿದವರ ಕಾಲುನೋವು ಔಷಧವೇ ಇಲ್ಲದ ಹುಸಿ ಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ಕಡಿಮೆಯಾಗಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಯಿತು. ಇಂಥ ಸಾಕ್ಷ್ಯ ಬಂದು ಇಷ್ಟು ವರ್ಷಗಳಾದರೂ ಚೀಟಿ ಬರೆಯುವ ಕೈಗಳ ಅಭ್ಯಾಸ ಬದಲಾದಂತೆ ತೋರುವುದಿಲ್ಲ.

ಅಭ್ಯಾಸಗಳು ತಾವಾಗಿಯೇ ಹುಟ್ಟುವುದಿಲ್ಲ; ಅವನ್ನು ಬಿತ್ತಿ ಬೆಳೆಸುವವರಿರುತ್ತಾರೆ. ಗ್ಯಾಬಪೆಂಟಿನ್ ಅನ್ನು ಅನುಮತಿಯಿಲ್ಲದ ಹತ್ತಾರು ತೊಂದರೆಗಳಿಗೆ ಬರೆಯುವಂತೆ ವೈದ್ಯರನ್ನು ಪುಸಲಾಯಿಸಿದ ಪ್ರಕರಣದಲ್ಲಿ ವಾರ್ನರ್-ಲ್ಯಾಂಬರ್ಟ್ ಕಂಪೆನಿ 2004ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ತೆರಲು ಒಪ್ಪಿತು. ಅಷ್ಟರಲ್ಲಿ ಅದು ಫೈಜರ್ ಕಂಪೆನಿಯ ಭಾಗವಾಗಿತ್ತು. ಆ ಅಕ್ರಮವನ್ನು ಬಯಲಿಗೆಳೆದವರು ಕಂಪೆನಿಯಲ್ಲೇ ಉದ್ಯೋಗಿಯಾಗಿದ್ದ ವಿಜ್ಞಾನಿ ಡೇವಿಡ್ ಫ್ರಾಂಕ್ಲಿನ್. 2009ರಲ್ಲಿ ನಾಲ್ಕು ಔಷಧಗಳ ಅಕ್ರಮ ಪ್ರಚಾರದ ಆರೋಪಗಳ ಇತ್ಯರ್ಥಕ್ಕಾಗಿ ಫೈಜರ್ 230 ಕೋಟಿ ಡಾಲರ್ ಕೊಡಲು ಒಪ್ಪಿದಾಗ ಆ ನಾಲ್ಕರಲ್ಲಿ ಪ್ರಿಗಾಬಲಿನ್ ಸಹ ಒಂದಾಗಿತ್ತು. ಅಮೆರಿಕದಲ್ಲಿ ಕನಿಷ್ಠ ಇಷ್ಟಾದರೂ ಲೆಕ್ಕ ಕೇಳುವ ವ್ಯವಸ್ಥೆಯಿದೆ. ನಮ್ಮಲ್ಲಿ ಔಷಧ ಕಂಪೆನಿಗಳ ಮಾರಾಟ ನಡವಳಿಕೆಗೆ ಏಕರೂಪ ಸಂಹಿತೆಯೊಂದು 2024ರ ಮಾರ್ಚಿಯಲ್ಲಿ ಪ್ರಕಟವಾಯಿತಾದರೂ ಅದರ ಜಾರಿಯ ಹೊಣೆ ಬಹುಮಟ್ಟಿಗೆ ಕಂಪೆನಿಗಳ ಸಂಘಗಳದ್ದೇ. ಬೇಲಿಯ ಕಾವಲನ್ನು ಹಸುವಿಗೇ ಒಪ್ಪಿಸಿದಂತಾಗಿದೆ.

ಹಾಗಾದರೆ ಈ ಔಷಧಗಳು ಎಷ್ಟು ಪರಿಣಾಮಕಾರಿ? ಅಂತರರಾಷ್ಟ್ರೀಯ ತಜ್ಞರು ನೂರಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದಕ್ಕೆ ಉತ್ತರಿಸುತ್ತದೆ. ಹುಸಿ ಗುಳಿಗೆಯಿಂದ ಸಿಗುವುದಕ್ಕಿಂತ ಹೆಚ್ಚಾಗಿ ಒಬ್ಬ ರೋಗಿಯ ನೋವು ಅರ್ಧದಷ್ಟು ಇಳಿಯಬೇಕಾದರೆ ಪ್ರಿಗಾಬಲಿನ್ ಅನ್ನು ಸುಮಾರು ಎಂಟು ಮಂದಿಗೆ ಕೊಡಬೇಕು. ಅಮಿಟ್ರಿಪ್ಟಿಲಿನ್ ಗುಂಪಿನ ಹಳೆಯ ಮಾತ್ರೆಗಳನ್ನು ನಾಲ್ಕು ಮಂದಿಗೆ ಕೊಟ್ಟರೆ ಸಾಕು. ಹಳೆಯ ಪರೀಕ್ಷೆಗಳು ಸಣ್ಣವು, ಆದ್ದರಿಂದ ಆ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು ಎಂಬುದು ನಿಜ. ಆದರೆ 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನ ಈ ಅನುಮಾನವನ್ನು ಮಧುಮೇಹದ ನರನೋವಿನ ಮಟ್ಟಿಗಾದರೂ ನೇರವಾಗಿ ಎದುರಿಸಿತು. 13 ಕೇಂದ್ರಗಳ 130 ರೋಗಿಗಳಿಗೆ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗಾಬಲಿನ್ ಮೂರನ್ನೂ ಸರದಿಯಂತೆ ಆರಂಭಿಕ ಔಷಧವಾಗಿ ಕೊಟ್ಟು, ಸಾಲದಿದ್ದಾಗ ಇನ್ನೊಂದನ್ನು ಸೇರಿಸಿ ನೋಡಲಾಯಿತು. ಯಾವುದರಿಂದ ಆರಂಭಿಸಿದರೂ ಹತ್ತರ ಅಳತೆಯಲ್ಲಿ ಸರಾಸರಿ 6.6 ಇದ್ದ ನೋವು 3.3ರ ಆಸುಪಾಸಿಗೆ ಇಳಿಯಿತು. ಅಂದರೆ ಆರು ದಶಕ ಹಳೆಯ ಅಗ್ಗದ ಮಾತ್ರೆ ಹೊಸ ಮಾತ್ರೆಗೆ ಸಮವಾಗಿ ನಿಂತಿತು.

ಅಗ್ಗದ ಮಾತ್ರೆಗೆ ನಮ್ಮಲ್ಲಿ ಎರಡು ವಿಘ್ನಗಳಿವೆ. ಅದನ್ನು ಪ್ರಚಾರ ಮಾಡಲು ಯಾವ ಕಂಪೆನಿಗೂ ಆಸಕ್ತಿಯಿಲ್ಲ ಎಂಬುದು ಒಂದು. 'ಇದು ಮಾನಸಿಕ ರೋಗದ ಮಾತ್ರೆ' ಎಂದು ಯಾರೋ ಹೇಳಿದ ಕೂಡಲೇ ರೋಗಿ ಅದನ್ನು ಮೂಲೆಗೆ ಎಸೆಯುತ್ತಾನೆ ಎಂಬುದು ಇನ್ನೊಂದು. ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ನರದ ಸಂಕೇತಗಳನ್ನು ತಗ್ಗಿಸಲೆಂದೇ ಇದನ್ನು ಕೊಡಲಾಗಿದೆ ಎಂದು ವೈದ್ಯರು ಎರಡು ಮಾತು ಹೇಳಿದರೆ ಈ ವಿಘ್ನ ಅರ್ಧ ಕರಗುತ್ತದೆ. ಹಾಗೆಂದು ಅದು ಎಲ್ಲರಿಗೂ ಹಿತವಲ್ಲ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಅದರ ತೊಂದರೆಗಳು. ಹೃದ್ರೋಗಿಗಳಿಗೆ, ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ, ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ವೃದ್ಧರಿಗೆ ಬೇರೆ ಔಷಧವೇ ಲೇಸು. ಯಾವ ರೋಗಿಗೆ ಯಾವುದು ಎಂದು ತೂಗಿ ನೋಡುವುದೇ ವೈದ್ಯರ ವಿವೇಕ. ಎಲ್ಲರಿಗೂ ಒಂದೇ ಕ್ಯಾಪ್ಸೂಲ್ ಬರೆಯಲು ವೈದ್ಯಕೀಯ ಪದವಿ ಬೇಕಿಲ್ಲ.

ಆ ಒಂದೇ ಕ್ಯಾಪ್ಸೂಲ್ ಸಾಮಾನ್ಯವಾಗಿ ಪ್ರಿಗಾಬಲಿನ್ ಜೊತೆ ಮೀಥೈಲ್‌ಕೋಬಾಲಮಿನ್ ಎಂಬ ಬಿ12 ವಿಟಮಿನ್ ಬೆರೆಸಿದ ಮಿಶ್ರಣ. ಬಿ12 ಕೊರತೆಯಿಂದಲೂ ನರಗಳು ಹಾಳಾಗುತ್ತವೆ. ಶುದ್ಧ ಸಸ್ಯಾಹಾರಿಗಳಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಈ ಕೊರತೆ ಅಪರೂಪವೇನಲ್ಲ. ಆದ್ದರಿಂದಲೇ ರಕ್ತಪರೀಕ್ಷೆ ಮಾಡಿ, ಕೊರತೆ ಇದ್ದರೆ ಸಾಕಷ್ಟು ಪ್ರಮಾಣದಲ್ಲಿ ವಿಟಮಿನ್ ಕೊಡಬೇಕು. ಇಲ್ಲದಿದ್ದರೆ ಅದರ ಗೊಡವೆ ಬೇಡ. ಪರೀಕ್ಷೆ ಮಾಡದೆ ಎಲ್ಲರಿಗೂ ಮಿಶ್ರಣ ಕೊಟ್ಟರೆ ಕೊರತೆ ಇದ್ದವರ ರೋಗನಿದಾನ ಮಸುಕಾಗುತ್ತದೆ, ಇಲ್ಲದವರು ಬೇಡದ್ದಕ್ಕೆ ಬೆಲೆ ತೆರುತ್ತಾರೆ. ಒಂದು ಔಷಧದ ಪ್ರಮಾಣ ಹೆಚ್ಚಿಸಿದರೆ ಇನ್ನೊಂದೂ ತಾನಾಗಿ ಹೆಚ್ಚುತ್ತದೆ. ತರ್ಕವಿಲ್ಲದ ನಿಗದಿತ ಮಿಶ್ರಣಗಳ ವಿರುದ್ಧ ಕೇಂದ್ರ ಸರ್ಕಾರ 2016ರಲ್ಲಿ 344, 2024ರ ಆಗಸ್ಟ್‌ನಲ್ಲಿ 156 ಮಿಶ್ರಣಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. ಒಂದನ್ನು ಕಿತ್ತರೆ ಎರಡು ಚಿಗುರುವ ಈ ಕಳೆಯನ್ನು ಆದೇಶಗಳಿಂದಷ್ಟೇ ತೊಡೆಯಲಾಗದು. ಬೇಡಿಕೆಯ ಬೇರು ಚೀಟಿಯಲ್ಲಿದೆ.

ವಿವೇಚನೆಯಿಲ್ಲದ ಬಳಕೆಯ ಹಾನಿ ಹಣಕ್ಕೆ ಸೀಮಿತವಲ್ಲ. ಪ್ರಿಗಾಬಲಿನ್, ಗ್ಯಾಬಪೆಂಟಿನ್ ಎರಡೂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ. ದೀರ್ಘಕಾಲದ ಮಧುಮೇಹಿಗಳಲ್ಲಿ ಅನೇಕರಿಗೆ ಮೂತ್ರಪಿಂಡವೂ ಸೊರಗಿರುತ್ತದೆ. ಕ್ರಿಯಾಟಿನಿನ್ ಪರೀಕ್ಷಿಸದೆ ಪೂರ್ಣ ಪ್ರಮಾಣ ಬರೆದರೆ ಔಷಧ ರಕ್ತದಲ್ಲಿ ಶೇಖರವಾಗಿ ಮಂಪರು, ಗೊಂದಲ, ತೂರಾಟ ಆರಂಭವಾಗುತ್ತದೆ. ಇರುಳು ಬಚ್ಚಲಿಗೆ ಎದ್ದ ಅಜ್ಜಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಆ ಅಪಘಾತದ ಕಾರಣವಾಗಿ ಯಾರೂ ಚೀಟಿಯನ್ನು ಹೆಸರಿಸುವುದಿಲ್ಲ. ಶ್ವಾಸಕೋಶದ ಕಾಯಿಲೆ ಇರುವವರು, ವೃದ್ಧರು, ಅಫೀಮು ವರ್ಗದ ನೋವುನಿವಾರಕ ತೆಗೆದುಕೊಳ್ಳುವವರು ಇವನ್ನು ಬಳಸಿದಾಗ ಉಸಿರಾಟವೇ ಕುಗ್ಗುವ ಅಪಾಯವಿದೆಯೆಂದು ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಎಚ್ಚರಿಸಿದ್ದಾರೆ. ವಾಹನ ಓಡಿಸುವವರಿಗೂ, ಗರ್ಭಿಣಿಯರಿಗೂ ಪ್ರತ್ಯೇಕ ಎಚ್ಚರಿಕೆ ಅಗತ್ಯ. ದೀರ್ಘಕಾಲ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ನಿದ್ರಾಹೀನತೆ, ಬೆವರು, ಕಳವಳ ಕಾಡುತ್ತವೆ. ಹಂತಹಂತವಾಗಿ ಇಳಿಸಬೇಕೆಂಬುದನ್ನು ಮೊದಲ ದಿನವೇ ತಿಳಿಸಬೇಕು.

ಮೂರನೆಯ ಸಮಸ್ಯೆ ಈಗ ತಲೆಯೆತ್ತುತ್ತಿರುವ ದುರ್ಬಳಕೆ. ಹೆಚ್ಚಿನ ಪ್ರಮಾಣದಲ್ಲಿ ನುಂಗಿದರೆ ಪ್ರಿಗಾಬಲಿನ್ ಒಂದು ಬಗೆಯ ಅಮಲು ತರುತ್ತದೆ. ಅಮೆರಿಕ ಇದನ್ನು 2005ರಲ್ಲೇ ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ಬ್ರಿಟನ್ 2019ರ ಏಪ್ರಿಲ್‌ನಲ್ಲಿ ಗ್ಯಾಬಪೆಂಟಿನ್ ಜೊತೆಗೆ ಇದನ್ನೂ ನಿಯಂತ್ರಣಕ್ಕೆ ಒಳಪಡಿಸಿತು. ಮಾದಕ ವಸ್ತುಗಳಿಂದ ಜರ್ಜರಿತವಾಗಿರುವ ಪಂಜಾಬಿನ ಕೆಲವು ಜಿಲ್ಲೆಗಳಲ್ಲಿ 75 ಮಿಲಿಗ್ರಾಂಗಿಂತ ಹೆಚ್ಚಿನ ಕ್ಯಾಪ್ಸೂಲ್‌ಗಳ ಮಾರಾಟಕ್ಕೆ ಜಿಲ್ಲಾಡಳಿತವೇ ಇತ್ತೀಚಿನ ವರ್ಷಗಳಲ್ಲಿ ನಿರ್ಬಂಧ ಹೇರಿದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ ಚೀಟಿ ಇಲ್ಲದೆಯೇ ಸಿಗುವ ನಾಡಿನಲ್ಲಿ ಈ ಪಿಡುಗು ಒಂದೇ ರಾಜ್ಯದ ಗಡಿಯೊಳಗೆ ಉಳಿದೀತೆಂದು ನಂಬುವುದು ಕಷ್ಟ.

ಇಂಥ ಸಂದರ್ಭದಲ್ಲಿ 'ಪೂರ್ತಿ ನಿಷೇಧಿಸಿ' ಎಂಬ ಕೂಗು ಸಹಜವಾಗಿಯೇ ಏಳುತ್ತದೆ. ಮಕ್ಕಳು ಅಮಲಿಗೆ ಬಿದ್ದ ತಾಯ್ತಂದೆಯರ ಆಕ್ರೋಶವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಕ್ರೋಶದಲ್ಲಿ ರೂಪಿಸಿದ ನಿಯಮ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ನಮ್ಮ ಇತಿಹಾಸದಲ್ಲೇ ಪಾಠವಿದೆ. 1985ರಲ್ಲಿ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆ ಜಾರಿಗೆ ಬಂದ ಮೇಲೆ ಪರವಾನಗಿಗಳ ಜಟಿಲತೆಗೆ, ಶಿಕ್ಷೆಯ ಭಯಕ್ಕೆ ಆಸ್ಪತ್ರೆಗಳು, ಔಷಧ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟುಬಿಟ್ಟವು. ಹನ್ನೆರಡೇ ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಸುಮಾರು ಶೇ 97ರಷ್ಟು ಕುಸಿಯಿತು. ಜಗತ್ತಿಗೆ ಕಾನೂನುಬದ್ಧ ಅಫೀಮು ಬೆಳೆದುಕೊಡುವ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ನರಳುತ್ತ ಪ್ರಾಣ ಬಿಟ್ಟರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರ ದೀರ್ಘ ಹೋರಾಟದ ನಂತರ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಕಳ್ಳಸಾಗಣೆದಾರರಿಗೆ ಆ ಮೂರು ದಶಕಗಳಲ್ಲಿ ಸರಕಿನ ಕೊರತೆಯಾದ ಸುದ್ದಿಯಿಲ್ಲ, ಕೊರತೆಯಾದದ್ದು ರೋಗಿಗಳಿಗೆ. ನರನೋವಿನ ಔಷಧಗಳ ವಿಷಯದಲ್ಲಿ ಅದೇ ಪ್ರಮಾದ ಮರುಕಳಿಸಬಾರದು.

ನಿಷೇಧಕ್ಕೂ ಸ್ವೇಚ್ಛೆಗೂ ನಡುವೆ ದಾರಿಯಿದೆ. 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ನಿಯಮದಂತೆ ಔಷಧ ಅಂಗಡಿಯವರು ಚೀಟಿ ಬರೆದ ವೈದ್ಯರು, ರೋಗಿ, ಔಷಧ, ಪ್ರಮಾಣ ಇಷ್ಟನ್ನೂ ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕು. ಪ್ರಿಗಾಬಲಿನ್‌ಗೆ ತಕ್ಕದ್ದು ಈ ಮಾದರಿಯ ಶಿಸ್ತು. ಇದರಿಂದ ನಿಜವಾದ ರೋಗಿಗೆ ತೊಡಕಿಲ್ಲ, ಡಬ್ಬಿಗಟ್ಟಲೆ ಮಾರುವವರಿಗೆ ತಡೆಯಿದೆ. ಆದರೆ ವಹಿ ಇಡುವ ನಿಯಮಕ್ಕೆ ಬೆಲೆ ಬರುವುದು ವಹಿ ತೆರೆದು ನೋಡುವ ಔಷಧ ಪರಿವೀಕ್ಷಕರು ಸಾಕಷ್ಟು ಸಂಖ್ಯೆಯಲ್ಲಿದ್ದಾಗ ಮಾತ್ರ. ಆ ಹುದ್ದೆಗಳನ್ನು ಖಾಲಿ ಇಟ್ಟುಕೊಂಡು ಹೊಸ ನಿಯಮ ಬರೆಯುವುದು ಗುಂಡಿ ಮುಚ್ಚದೆ ಎಚ್ಚರಿಕೆ ಫಲಕ ನೆಟ್ಟಂತೆ.

ಎರಡನೆಯದಾಗಿ, ರೋಗನಿದಾನ ತಳಮಟ್ಟಕ್ಕೆ ಇಳಿಯಬೇಕು. ಪಾದದ ಸ್ಪರ್ಶಜ್ಞಾನ ಪರೀಕ್ಷಿಸಲು ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆ ಮತ್ತು ಒಂದು ಶ್ರುತಿಕವೆ ಸಾಕು. ಇದಕ್ಕೆ ನರರೋಗ ತಜ್ಞರೇ ಬೇಕೆಂದಿಲ್ಲ. ತರಬೇತಿ ಪಡೆದ ದಾದಿ ಐದು ನಿಮಿಷದಲ್ಲಿ ಮಾಡಬಲ್ಲರು. ಮನೆಬಾಗಿಲಿಗೆ ತಪಾಸಣೆ ಒಯ್ಯುವ 'ಗೃಹ ಆರೋಗ್ಯ' ಯೋಜನೆಯನ್ನು ಕರ್ನಾಟಕ ಸರ್ಕಾರ 2024ರಲ್ಲಿ ಆರಂಭಿಸಿದೆ. ಸಕ್ಕರೆ, ರಕ್ತದೊತ್ತಡ ಅಳೆಯುವಾಗಲೇ 'ರಾತ್ರಿ ಕಾಲು ಉರಿಯುತ್ತದೆಯೇ?' ಎಂಬ ಒಂದು ಪ್ರಶ್ನೆಯನ್ನು ಕೇಳಿದರೂ ಅದೆಷ್ಟೋ ಜನರ ಮೌನ ಮುರಿದೀತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಮಿಟ್ರಿಪ್ಟಿಲಿನ್ ಸದಾ ದೊರೆಯುವಂತಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೂ, ನಮ್ಮ ರಾಷ್ಟ್ರೀಯ ಪಟ್ಟಿಯಲ್ಲೂ ಅದಕ್ಕೆ ಸ್ಥಾನವಿರುವಾಗ ಹಳ್ಳಿಯ ಕಪಾಟಿನಲ್ಲಿ ಯಾಕಿರಬಾರದು?

ಒಬ್ಬ ವೈದ್ಯರು ಒಂದು ಬೆಳಗಿನಲ್ಲಿ ನೂರು ರೋಗಿಗಳನ್ನು ನೋಡುವ ಸರ್ಕಾರಿ ಆಸ್ಪತ್ರೆಯಲ್ಲಿ ಇಷ್ಟೆಲ್ಲ ವಿವರಿಸುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ತಪ್ಪು ಔಷಧ ಪಡೆದವರೇ ಉರಿ ತಾಳಲಾರದೆ ಮತ್ತೆಮತ್ತೆ ಅದೇ ಸಾಲಿಗೆ ಬಂದು ನಿಲ್ಲುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊದಲ ಭೇಟಿಯಲ್ಲಿ ಕೊಟ್ಟ ಹತ್ತು ನಿಮಿಷ ಮುಂದಿನ ಹತ್ತು ಭೇಟಿಗಳನ್ನು ಉಳಿಸುತ್ತದೆ. ಔಷಧ ಶುರುಮಾಡಿದ ಮೇಲೆ ಕೆಲವು ವಾರಗಳಲ್ಲಿ ನೋವು ಇಳಿದಿದೆಯೇ ಎಂದು ಕೇಳಿ, ಇಳಿಯದಿದ್ದರೆ ನಿಧಾನವಾಗಿ ನಿಲ್ಲಿಸಿ ಬೇರೆಯದನ್ನು ನೋಡುವ ಪದ್ಧತಿ ಬಂದರೆ ಚೀಟಿಗಳ ಉದ್ದವೂ ತಾನಾಗಿ ಮೊಟಕಾಗುತ್ತದೆ.

ರೋಗಿಗಳೂ ಪ್ರಶ್ನೆ ಕೇಳುವುದನ್ನು ಕಲಿಯಬೇಕು. ಈ ಮಾತ್ರೆ ಯಾತಕ್ಕೆ, ಎಷ್ಟು ದಿನ, ನನ್ನ ಮೂತ್ರಪಿಂಡಕ್ಕೆ ಇದು ಸರಿಯೇ, ಇದಕ್ಕಿಂತ ಅಗ್ಗದ್ದು ಇದೆಯೇ ಎಂಬ ನಾಲ್ಕು ಪ್ರಶ್ನೆಗಳು ವೈದ್ಯರಿಗೆ ತೋರುವ ಅಗೌರವವಲ್ಲ. ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆದುಕೊಡಿ ಎಂದು ಕೇಳಿದರೆ ಜನೌಷಧಿ ಮಳಿಗೆಯ ಬಾಗಿಲೂ ತೆರೆಯುತ್ತದೆ. ಪಕ್ಕದ ಮನೆಯವರಿಗೆ ಒಗ್ಗಿದ ಕ್ಯಾಪ್ಸೂಲ್ ತಮಗೂ ಒಗ್ಗೀತೆಂದು ತರಿಸಿಕೊಳ್ಳುವ ಚಾಳಿಯನ್ನು ಮಾತ್ರ ಬಿಡಲೇಬೇಕು.

ನೋವು ಅಳೆಯುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ನರಹಾನಿಯ ನೋವಿಗಂತೂ ರೋಗಿಯ ಮಾತೇ ಮೊದಲ ಸಾಕ್ಷಿ. ಆ ಮಾತನ್ನು ನಂಬುವ ಕಿವಿ, ಅದನ್ನು ಪರೀಕ್ಷಿಸುವ ಕೈ, ತಕ್ಕ ಔಷಧವನ್ನು ತಕ್ಕಷ್ಟೇ ಬರೆಯುವ ಲೇಖನಿ ಮೂರೂ ಒಂದೆಡೆ ಸೇರಿದಾಗ ಮಾತ್ರ ಚಿಕಿತ್ಸೆ ಎಂಬ ಪದಕ್ಕೆ ಅರ್ಥ ಬರುತ್ತದೆ. ಅಲ್ಲಿಯವರೆಗೆ ಕಂಪೆನಿಗಳ ಲಾಭವೂ ಏರುತ್ತಿರುತ್ತದೆ, ಅಂಗಾಲಿನ ಉರಿಯೂ ಆರದೆ ಉಳಿಯುತ್ತದೆ.